ಮರೆವ್ವನ ಖಾಲಿ ಪ್ಲೇಟು

ಬೆಳಿಗ್ಗೆ ಆರೂವರೆ. ಮೇಲವಂಕಿಯ ಮೊದಲ ಬಸ್ಸಿಗೆ ಬಂದಿಳಿದ ಮರೆವ್ವ ಗೋಕಾಕದ ಕಾಲೇಜೊಂದರ ಮೈಕ್ರೋಬಯಾಲಜಿ ಲ್ಯಾಬಿನ ಬೀಗ ತೆಗೆಯುತ್ತಾರೆ. ಸೆರಗು ಸಿಕ್ಕಿಸಿ, ಮೊಣಕೈತನಕ ಸೋಪು ಹಚ್ಚಿ ಕೈ ತೊಳೆದು ನನ್ನ ಕಡೆ ತಿರುಗುತ್ತಾರೆ. “ಚಪ್ಲಿ ಹೊರಗ ಬಿಡ್ರಿ. ಮಾತು ಆಮ್ಯಾಲ.” ಪೇಪರಿನವನೆಂಬ ನನ್ನ ಗತ್ತೂ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತದೆ.

ಬ್ಯಾಕ್ಟೀರಿಯಾಗಳಿಗೆ ಊಟವಾಗುವ ಅಗರ್ ಕುದಿಸಿ ಗಾಜಿನ ಪ್ಲೇಟುಗಳಿಗೆ ಹೊಯ್ಯುವುದು, ಬಳಸಿದ್ದನ್ನು ಬೇಯಿಸಿ ತೊಳೆಯುವುದು ಇವರ ಕೆಲಸ. ದಿನಕ್ಕೆ ಎಂಬತ್ತು ಪ್ಲೇಟು, ಹನ್ನೊಂದು ವರ್ಷದಿಂದ. ನೌಕರಿ ಇನ್ನೂ ಕಾಯಂ ಆಗಿಲ್ಲ. ಓದಿದ್ದು ಏಳನೇ ತರಗತಿ, ಗಂಡ ಕರೆಪ್ಪ ಆಡು-ಕುರಿ ಕಾಯುತ್ತಾರೆ.

ಪ್ರತಿ ಸಲ ಒಂದು ಪ್ಲೇಟಿಗೆ ಮಾತ್ರ ಏನನ್ನೂ ಬಿತ್ತದೆ ಉಳಿದವುಗಳ ಜೊತೆ ಬೆಚ್ಚನೆಯ ಪೆಟ್ಟಿಗೆಯಲ್ಲಿಡುತ್ತಾರೆ. ಯಾರು ಕಲಿಸಿದರು ಎಂದು ಕೇಳುತ್ತೇನೆ.

“ನಮ್ಮತ್ತಿ. ಹೆಪ್ಪು ಹಾಕುಮುಂದ ಒಂದು ವಾಟಿ ಹಾಲು ಹೆಪ್ಪಿಲ್ದ ಹಂಗ ಬಿಡ್ತಿದ್ಲು. ಮುಂಜಾನೆ ಅದೂ ಕೆಟ್ಟಿದ್ರ ಗಡಗಿ ಸರಿ ತೊಳದಿಲ್ಲ ಅಂತ ನನಗ ಬೈಗಳ ಗ್ಯಾರಂಟಿ ರಿ.”

ಕಳೆದ ವರ್ಷ ಆ ಅತ್ತೆಯ ಬೈಗುಳವೇ ಸೊಸೆಯ ಅನ್ನ ಉಳಿಸಿತು. ಸಂಶೋಧನೆ ಮಾಡುತ್ತಿರುವ ದಾಕ್ಷಾಯಿಣಿ, ಗೋಕಾಕ ಫಾಲ್ಸಿನ ಬಂಡೆಗಳ ಮೇಲಿಂದ ಬ್ಯಾಕ್ಟೀರಿಯಾ ತಂದು ಅತಿನೇರಳೆ ದೀಪದ ಕೆಳಗಿಟ್ಟಿದ್ದರು. ಆ ಬೆಳಕು ಡಿಎನ್‌ಎಯನ್ನೇ ಕೆಡಿಸುತ್ತದೆ, ಎಲ್ಲ ಸಾಯಬೇಕಿತ್ತು. ಮರುದಿನ ನೋಡಿದರೆ ಒಂದು ಬಗೆಯವು ಪ್ಲೇಟ್ ತುಂಬ ಬೆಳೆದಿವೆ! ಹೊರಗಿನ ಕೊಳೆ ಸೇರಿದೆ ಎಂದುಕೊಂಡ ಅವರ ಗೈಡ್ ಸರ್ ನೋಡಿದ್ದು ಮರೆವ್ವನ ಕೈಯನ್ನು. “ಆಡು ಹಿಂಡಿ ಬಂದ ಕೈ, ಇನ್ನೇನಾಗ್ತೈತಿ” ಅಂದರಂತೆ, ನಾಳೆಯಿಂದ ಬರಬೇಡ ಅಂತಲೂ.

“ಸೀದಾ ಹೋಗಿ ಆವತ್ತಿನ ಖಾಲಿ ಪ್ಲೇಟ್ ತಂದು ಅವರ ಮುಂದ ಇಟ್ಟೆ. ಏನೂ ಬೆಳದಿದ್ದಿಲ್ಲ. ನನ್ನ ಕೈ ಹೊಲಸಿದ್ರ ಇದ್ರಾಗೂ ಬೆಳೀಬೇಕಿತ್ತಲ್ರಿ ಸರ್, ಅಂದೆ.”

ನಾಳೆಯಿಂದ ಬರಬೇಡ ಎಂಬ ಮಾತು ಅಲ್ಲಿಗೇ ಬಿತ್ತು. ದಾಕ್ಷಾಯಿಣಿಗೆ ಕುತೂಹಲ ಹತ್ತಿತು. ಹುಡುಕಿದರೆ, ಬದುಕಿದ ಬ್ಯಾಕ್ಟೀರಿಯಾದಲ್ಲಿ ಮುಖ್ಯ ಡಿಎನ್‌ಎ ಅಲ್ಲದೆ ಬೇರೆಯೇ ಒಂದು ಸಣ್ಣ ಡಿಎನ್‌ಎ ಉಂಗುರ, ಹೆಸರು ಪ್ಲಾಸ್ಮಿಡ್. ಡಿಎನ್‌ಎ ನಕಲಾಗುವಾಗ ಕೆಟ್ಟ ಜಾಗ ಸಿಕ್ಕರೆ ಕೆಲಸ ಅಲ್ಲೇ ನಿಂತು ಜೀವ ಹೋಗುತ್ತದೆ. ಈ ಉಂಗುರದ ಜೀನುಗಳು ಅಲ್ಲಿ ತಪ್ಪೋ ಒಪ್ಪೋ ಏನೋ ಒಂದು ಬರೆಸಿ ನಕಲನ್ನು ಮುಂದೆ ಸಾಗಿಸುತ್ತವೆ.

“ಕಂಬಳಿ ನೇಯುಮುಂದ ನೂಲು ಹರದ್ರ ಗಂಟು ಹಾಕ್ತೀವಲ್ರಿ, ಹಂಗ,” ಮರೆವ್ವ ನನಗೆ ಬಿಡಿಸಿ ಹೇಳುತ್ತಾರೆ. “ಗಂಟು ಕಾಣತೈತಿ ಖರೆ, ಕಂಬಳಿ ಆಗತೈತಿ.”

ಎರಡು ತಿಂಗಳು ಅದೇ ಪರೀಕ್ಷೆ. ಪ್ಲಾಸ್ಮಿಡ್ ತೆಗೆದಾಗ ಅದೇ ಬ್ಯಾಕ್ಟೀರಿಯಾ ದೀಪದ ಕೆಳಗೆ ಸತ್ತವು, ತಿರುಗಿ ಸೇರಿಸಿದಾಗ ಬಹಳಷ್ಟು ಬದುಕಿದವು. ಅಷ್ಟೂ ಪ್ಲೇಟು ಹೊಯ್ದವರು ಮರೆವ್ವನೇ.

ಆಮೇಲೆ ಗೈಡ್ ಸರ್ ನಿಮಗೆ ತಪ್ಪಾಯಿತು ಅಂದರೇ ಎಂದು ಕೇಳುತ್ತೇನೆ. ಮರೆವ್ವ ನಗುತ್ತಾರೆ. “ದೊಡ್ಡವರು, ಹೆಂಗ ಅಂತಾರ್ರಿ?” ಕುದಿಯುವ ಅಗರ್ ತಿರುವುತ್ತ ಹೇಳುತ್ತಾರೆ: “ಆದ್ರ ಈಗ ಏನರ ಬೆಳದ್ರ ನನ್ನ ಕೈ ನೋಡೂದಿಲ್ರಿ. ಖಾಲಿ ಪ್ಲೇಟ್ ನೋಡ್ತಾರ.”