ಹಗೆ ಮರೆಯದ ಮೇಡಂ

ನಮ್ಮ ಮೇಡಂ ಅವರ ಎಡಗಿವಿಯ ಹಾಲೆ ಎರಡಾಗಿ ಸೀಳಿತ್ತು. ಓಲೆ ಬಲಗಿವಿಗೆ ಮಾತ್ರ. ಜಯನಗರದಲ್ಲಿ ಹಾಡಹಗಲೇ ಬೈಕಿನಲ್ಲಿ ಬಂದವನೊಬ್ಬ ಕಿವಿ ಹರಿಯುವಂತೆ ಓಲೆ ಕಿತ್ತುಕೊಂಡು ಹೋಗಿದ್ದನಂತೆ. ಡಾಕ್ಟರು ಹತ್ತು ನಿಮಿಷದಲ್ಲಿ ಹೊಲಿದುಕೊಡುತ್ತೇನೆ ಎಂದರೂ ಇವರು ಒಪ್ಪಲಿಲ್ಲ. ನಾವೆಲ್ಲ ಅದನ್ನೇ ನೋಡುತ್ತೇವೆಂದು ಅವರಿಗೆ ಗೊತ್ತಿತ್ತು. ಮೊದಲ ದಿನದ ಕ್ಲಾಸಿನಲ್ಲೇ ಹೇಳಿಬಿಟ್ಟರು: "ಇದನ್ನ ಹೊಲಿಸಿದ್ರೆ ಮರೆತುಬಿಡ್ತೀನಿ. ಮರೆಯೋಕೆ ನಂಗಿಷ್ಟ ಇಲ್ಲ." ಕಳ್ಳತನವಾದ ನಾಲ್ಕು ವರ್ಷದ ನಂತರ ಕೋರ್ಟಿನಲ್ಲಿ ಆ ಕಳ್ಳನನ್ನು ಬೆರಳು ಮಾಡಿ ತೋರಿಸಿ ಜೈಲಿಗೆ ಕಳಿಸಿದವರು ಅವರೇ.

ನಾನು ಗದಗಿನ ಕಡೆಯವಳು. ಬಿಟಿಎಮ್ ಲೇಔಟಿನಲ್ಲಿ ಇನ್ನಿಬ್ಬರ ಜೊತೆ ಒಂದು ರೂಮು, ಹಗಲು ಸೀರೆ ಅಂಗಡಿಯ ಕೆಲಸ, ಸಂಜೆ ಜಯನಗರದ ಕಾಲೇಜಿನಲ್ಲಿ ಬಿ.ಎ. ಮೇಡಂ ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಅವರ ಮೆಚ್ಚಿನ ಪಾಠ ಅಂತರರಾಷ್ಟ್ರೀಯ ಭದ್ರತೆ. ಒಳಗೆ ಬಂದವರೇ, "ಪೆನ್ನು ಕೆಳಗಿಡಿ, ಮೊದಲು ಕೇಳಿ" ಎನ್ನುತ್ತಿದ್ದರು. ಆಮೇಲೆ ಗಡಿ, ಸೈನ್ಯ, ಒಪ್ಪಂದ, ಅಣ್ವಸ್ತ್ರ. ಬೋರ್ಡಿನ ಮೂಲೆಯಲ್ಲಿ ಅವರ ಮನೆಯ ಲ್ಯಾಂಡ್‌ಲೈನ್ ನಂಬರು ವರ್ಷವಿಡೀ ಇರುತ್ತಿತ್ತು. "ಡೌಟ್ ಇದ್ರೆ ಫೋನ್ ಮಾಡಿ. ಮಾರ್ಕ್ಸ್ ಕೇಳೋಕೆ ಮಾಡಿದ್ರೆ ಮಾತ್ರ ಫೇಲ್ ಮಾಡ್ತೀನಿ."

ಒಮ್ಮೆ ನನ್ನ ಮಾತಿನ ಧಾಟಿಗೆ ಹಿಂದಿನ ಬೆಂಚಿನ ಇಬ್ಬರು ಕಿಸಕ್ಕೆಂದು ನಕ್ಕರು. ಅಂದಿನಿಂದ ಪರೀಕ್ಷೆಯವರೆಗೆ ಮೇಡಂ ಅವರ ಪ್ರತಿ ಕ್ಲಾಸಿನ ಮೊದಲ ಪ್ರಶ್ನೆ ಆ ಇಬ್ಬರಿಗೇ. ಒಂದು ದಿನವೂ ಬಿಡಲಿಲ್ಲ.

ಡಿಗ್ರಿ ಮುಗಿದು ಹಲವು ವರ್ಷವಾದರೂ ನಾನು ಸೀರೆ ಅಂಗಡಿಯಲ್ಲೇ ಇದ್ದೆ. ಆಗ ಸಿಕ್ಕವನು ಆ ಏಜೆಂಟ್. ಬಿಟಿಎಮ್‌ನಲ್ಲೇ ಮೊದಲ ಮಹಡಿಯಲ್ಲಿ ಆಫೀಸು, ಗೋಡೆಯ ಮೇಲೆ ವಿಮಾನದ ಚಿತ್ರ. ನಮ್ಮ ಕಡೆಯವನೇ. "ಸೀರಿ ಮಡಚ್ಕೋತ ಎಷ್ಟು ದಿನ ನಿಂದರ್ತಿ ತಂಗಿ? ಬ್ಯಾಂಕಾಕ್‌ನ್ಯಾಗ ಕಂಪ್ಯೂಟರ್ ಕೆಲಸ ಐತಿ. ಊಟ, ವಸತಿ ಎಲ್ಲಾ ಅವರದ." ತಂಗಿ ಎಂದನಲ್ಲ, ನಂಬಿದೆ.

ಬ್ಯಾಂಕಾಕಿನಿಂದ ಎಂಟು ತಾಸು ಕಾರಿನಲ್ಲಿ ಕೂರಿಸಿ, ದೋಣಿಯಲ್ಲಿ ಒಂದು ನದಿ ದಾಟಿಸಿದರು. ನದಿಯಾಚೆ ಬೇರೆಯೇ ದೇಶ. ಎತ್ತರದ ಗೋಡೆ, ಅದರ ಮೇಲೆ ಮುಳ್ಳುತಂತಿ, ಬಾಗಿಲಲ್ಲಿ ಬಂದೂಕು, ಒಳಗೆ ಹಸಿರು ಛಾವಣಿಯ ಗೋದಾಮು. ಪಾಸ್‌ಪೋರ್ಟ್ ಕಿತ್ತುಕೊಂಡರು. ಕೆಲಸ ಇಷ್ಟೆ: ಕರ್ನಾಟಕದ ಮನೆಗಳಿಗೆ ಫೋನ್ ಮಾಡಿ, ಪೊಲೀಸರೆಂದು ಹೇಳಿ, ನಿಮ್ಮ ಹೆಸರಿನ ಪಾರ್ಸಲಿನಲ್ಲಿ ಮಾದಕವಸ್ತು ಸಿಕ್ಕಿದೆ ಎಂದು ಹೆದರಿಸಿ ಹಣ ಹಾಕಿಸಿಕೊಳ್ಳುವುದು. ಒಂದು ವಾರ ಒಲ್ಲೆನೆಂದೆ. ಬಿಸಿಲಲ್ಲಿ ನಿಲ್ಲಿಸಿದರು, ಹೊಡೆದರು, ಅನ್ನ ನಿಲ್ಲಿಸಿದರು. ಎಂಟನೆಯ ದಿನ ಫೋನ್ ಎತ್ತಿಕೊಂಡೆ. ನನ್ನ ದನಿಗೆ ಮೂವರು ಮೋಸಹೋದರು. ಅವರಲ್ಲಿ ಜಯನಗರದಾಚೆಯ ಶ್ರೀನಗರದ ಮುದುಕರೊಬ್ಬರು, "ನಾನು ಯಾರಿಗೂ ಕೆಟ್ಟದ್ದು ಮಾಡಿಲ್ಲ ಮಗಳೇ" ಎಂದು ಅಳುತ್ತಲೇ ಇದ್ದರು.

ನಮ್ಮ ಕರೆಗಳನ್ನು ಒಬ್ಬ ಮೇಸ್ತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದ. ಅವನಿಗೆ ನಮ್ಮಷ್ಟೇ ಚೆನ್ನಾಗಿ ಕನ್ನಡ ಬರುತ್ತಿತ್ತು. ಹೆಸರು ಯಾರಿಗೂ ಗೊತ್ತಿರಲಿಲ್ಲ, ಮಾಸ್ಕ್ ತೆಗೆಯದ ಅವನ ಮುಖವನ್ನೂ ಯಾರೂ ಪೂರ್ತಿ ಕಂಡಿರಲಿಲ್ಲ. ಪರಿಚಯದ ಶ್ರೀಮಂತರ ನಂಬರು ಕೊಡಿ ಎಂದು ಅವನು ಪೀಡಿಸತೊಡಗಿದಾಗ ನನಗೆ ಆ ಬೋರ್ಡಿನ ಮೂಲೆ ಕಣ್ಣಿಗೆ ಕಟ್ಟಿತು. "ಒಬ್ಬರು ರಿಟೈರ್ಡ್ ಲೆಕ್ಚರರ್ ಅದಾರ್ರಿ. ಜಯನಗರದಾಗ ಸ್ವಂತ ಮನಿ. ಒಬ್ಬರ ಇರ್ತಾರ" ಎಂದೆ. ಅವನು ಖುಷಿಯಾದ.

ಮೇಡಂ ಫೋನ್ ಎತ್ತಿದರು. ನಾನು ಪೊಲೀಸ್ ದನಿಯಲ್ಲಿ, "ಮೇಡಂ, ಪೆನ್ನು ಕೆಳಗಿಡಿ, ಮೊದಲು ಕೇಳಿ" ಎಂದೆ.

ಆ ಕಡೆಯಿಂದ ನಡುಗುವ ದನಿ: "ಅಯ್ಯೋ, ನಾನೇನು ಮಾಡಿದೆ ಮೇಡಂ? ವಯಸ್ಸಾದವಳು ನಾನು, ಬಿಪಿ ಬೇರೆ ಇದೆ."

ಪ್ರಿನ್ಸಿಪಾಲರ ಎದುರೂ ದನಿ ತಗ್ಗಿಸದ ಹೆಂಗಸು ಹಾಗೆ ನಡುಗಿದಾಗಲೇ ನನಗೆ ಗೊತ್ತಾಯಿತು, ಗುರುತು ಹಿಡಿದಿದ್ದಾರೆ.

ಮೇಸ್ತ್ರಿ ಬೇಸತ್ತು ಆ ನಂಬರು ಬಿಡುವವರೆಗೆ, ಒಂಬತ್ತು ದಿನ ಮೇಡಂ ಆಟ ಆಡಿದರು. ಬ್ಯಾಂಕಿಗೆ ರಜೆ, ಮಂಡಿನೋವು, ಪಾಸ್‌ಬುಕ್ ಸಿಗುತ್ತಿಲ್ಲ. ನಡುನಡುವೆ ಹೆದರಿದವರಂತೆ ಪ್ರಶ್ನೆ. "ಪಾರ್ಸಲ್ ಎಲ್ಲಿ ಸಿಕ್ತು ಮೇಡಂ?" ಮೇಸ್ತ್ರಿ ಬರೆದುಕೊಟ್ಟಿದ್ದ ಮಾತಿನಲ್ಲಿದ್ದ ಊರಿನ ಹೆಸರು ಬಿಟ್ಟು, ನಾನು ನಾವಿದ್ದ ಊರಿನ ಹೆಸರು ಹೇಳಿದೆ. "ಅಲ್ಲೇನು, ಏರ್‌ಪೋರ್ಟ್ ಹತ್ರಾನಾ?" "ಇಲ್ಲ, ನದಿ ದಂಡೆ. ಹಸಿರು ಛಾವಣಿಯ ಗೋದಾಮು." "ಈ ಕೇಸಲ್ಲಿ ನಮ್ ಕನ್ನಡದವರು ಯಾರಾದ್ರೂ ಸಿಕ್ಕಿಬಿದ್ದಿದಾರಾ?" "ಹನ್ನೊಂದು ಜನ." ಮೇಸ್ತ್ರಿ ಪಕ್ಕದಲ್ಲೇ ಕೂತು ತಲೆಯಾಡಿಸುತ್ತಿದ್ದ. ನಾನು ಕತೆಗೆ ಬಣ್ಣ ಕಟ್ಟುತ್ತಿದ್ದೇನೆ, ಮುದುಕಿ ಚೆನ್ನಾಗಿ ಹೆದರಿದ್ದಾಳೆ ಎಂದು ಅವನ ಲೆಕ್ಕ.

ಆ ಒಂಬತ್ತು ದಿನ ಮೇಡಂ ಏನು ಮಾಡಿದರೆಂದು ನನಗೆ ಆಮೇಲೆ ತಿಳಿಯಿತು. ಮೊದಲು ಹೋದ ಠಾಣೆಯಲ್ಲಿ, "ಅದು ಫಾರಿನ್ ಮ್ಯಾಟ್ರು, ನಮ್ ಲಿಮಿಟ್ಸ್‌ಗೆ ಬರಲ್ಲ ಅಜ್ಜಿ" ಎಂದರಂತೆ. ಇವರು ಕುರ್ಚಿ ಎಳೆದುಕೊಂಡು ಕೂತರು. "ಕಳ್ಳ ಎರಡು ದೇಶ ದಾಟಿ ನನ್ನ ಹಾಲ್‌ವರೆಗೂ ಬಂದಿದಾನೆ. ನಿಮ್ ಲಿಮಿಟ್ಸ್ ಮಾತ್ರ ಈ ಸರ್ಕಲ್‌ಗೇ ನಿಂತುಹೋಯ್ತಾ?" ದಿನವೂ ಹೋಗಿ ಕೂತರು, ದಿನವೂ ದೂರು ಬರೆದು ಸೀಲು ಹಾಕಿಸಿಕೊಂಡರು. ದೆಹಲಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಹಳೆಯ ಶಿಷ್ಯನೊಬ್ಬನ ನಂಬರು ಹುಡುಕಿ, ಅವನು ಫೋನ್ ಎತ್ತದಿದ್ದಾಗ ಅವನ ತಾಯಿಗೇ ಫೋನ್ ಮಾಡಿದರು. ಒಂದೂವರೆ ತಿಂಗಳ ನಂತರ ಆ ದೇಶದ ಸೈನಿಕರು ಹಸಿರು ಛಾವಣಿಯ ಗೋದಾಮಿಗೆ ನುಗ್ಗಿದರು. ಹನ್ನೊಂದು ಜನರೂ ಬದುಕಿ ಬಂದೆವು. ಮೇಸ್ತ್ರಿ ಹಿಂದಿನ ದಿನವೇ ಜಾಗ ಖಾಲಿ ಮಾಡಿದ್ದ.

ಏರ್‌ಪೋರ್ಟಿನಿಂದ ಮೇಡಂ ನನ್ನನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಬಿಸಿ ಬಿಸಿ ಅನ್ನ, ತಿಳಿಸಾರು ಬಡಿಸಿದರು. ಉಂಡು ಕೈತೊಳೆದ ಮೇಲೆ ಕೇಳಿದರು: "ಎಷ್ಟು ಜನಕ್ಕೆ ಮೋಸ ಮಾಡ್ದೆ?"

"ಮೂರು ಮಂದಿಗೆ, ಮೇಡಂ. ಹೊಡೀತಿದ್ರು ನನ್ನ..."

"ಹೊಡೆದ್ರು ಅಂತ ಗೊತ್ತು. ಅವರ ಹೆಸರು ಬರಿ. ನಾಳೆ ಪೊಲೀಸರಿಗೆ ಕೊಡೋಣ. ನಿನ್ನನ್ನ ಕರ್ಕೊಂಡು ಬಂದೆ ಅಂದ್ರೆ ಕ್ಷಮಿಸಿದೆ ಅಂತ ಅಲ್ಲ."

ನಾನು ಅಳುತ್ತಾ ಬರೆದೆ. ಎದುರಿಗೆ ಕೂತು ಅವರೂ ತಮ್ಮ ಹಳೆಯ ನೋಟ್ಸ್ ಹರವಿಕೊಂಡಿದ್ದರು. ಪುಟ ತಿರುವುತ್ತಾ ತಮ್ಮಷ್ಟಕ್ಕೇ ಹೇಳಿದರು: "ಮೂವತ್ತು ವರ್ಷ ಗಡಿ, ಕ್ಷಿಪಣಿ ಅಂತ ಪಾಠ ಮಾಡ್ದೆ. ಸೀರೆ ಅಂಗಡಿ ಹುಡುಗಿ ಒಬ್ಳು ಕೆಲಸ ಹುಡುಕ್ಕೊಂಡು ಬಿಟಿಎಮ್‌ನಲ್ಲಿ ಮೆಟ್ಟಿಲು ಹತ್ತೋದೂ ಅಂತರರಾಷ್ಟ್ರೀಯ ಭದ್ರತೆನೇ. ಅದನ್ನ ಒಂದು ಸಾಲೂ ಬರೀಲಿಲ್ಲ ನಾನು." ಆ ಹಾಳೆಗಳ ಮೇಲೆ ಉದ್ದಕ್ಕೆ ಗೀಟು ಎಳೆದರು.

ಏಜೆಂಟ್ ಬಿಟಿಎಮ್‌ನ ಬಾಗಿಲು ಮುಚ್ಚಿ ಬೇಗೂರಿನಲ್ಲಿ ಬೇರೆ ಹೆಸರಿನ ಬೋರ್ಡು ಹಾಕಿದ್ದ. ಅವನನ್ನು ಹುಡುಕಲು ಮೇಡಂಗೆ ಐದು ತಿಂಗಳು ಹಿಡಿಯಿತು. ತಂಗಿಯ ಮಗಳಿಗೆ ವಿದೇಶದಲ್ಲಿ ಕೆಲಸ ಬೇಕು ಎಂದು ತಾವೇ ಅವನೆದುರು ಹೋಗಿ ಕೂತರು. ನಾನು ಪೊಲೀಸರೊಂದಿಗೆ ಕೆಳಗೆ ಕಾಯುತ್ತಿದ್ದೆ. ನಾವು ಮೇಲೆ ಹತ್ತಿದಾಗ ಅವನು ಸೀದಾ ಮೇಡಂ ಕಾಲಿಗೆ ಬಿದ್ದ. "ಅಮ್ಮಾರ, ನನಗೂ ಮಕ್ಕಳದಾವ್ರಿ."

"ಅವರನ್ನ ಕಳಿಸಿದ್ಯಾ ಅಲ್ಲಿಗೆ?"

ಮೇಡಂ ಕಾಲು ಹಿಂದಕ್ಕೆ ಎಳೆದುಕೊಂಡರು. "ನನ್ನ ಮುಖ ಸರಿಯಾಗಿ ನೋಡ್ಕೊ. ನಿನ್ನ ಕೇಸು ಕೂಗೋ ಪ್ರತಿ ದಿನ ನಾನು ಕೋರ್ಟಲ್ಲಿ ಇರ್ತೀನಿ."

ಇದ್ದರು ಕೂಡ. ಎರಡು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಅವನಿಗೆ ಕಾಣುವಂತೆ ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ ಕಾಫಿ ಸೋಸುತ್ತಾ ಅಡುಗೆಮನೆಯಲ್ಲೇ ಕುಸಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ತೀರ್ಪು ಬಂದಾಗ ಅವರ ಜಾಗದಲ್ಲಿ ನಾನು ಕೂತಿದ್ದೆ. ಏಜೆಂಟನಿಗೆ ಶಿಕ್ಷೆಯಾಯಿತು. ನಾನು ಮಾಡಿದ್ದು ಬಲವಂತದಿಂದ ಎಂದು ನ್ಯಾಯಾಲಯ ನನ್ನನ್ನು ಬಿಟ್ಟಿತು. ಶ್ರೀನಗರದ ಆ ಮುದುಕರ ಮನೆಗೆ ಹೋಗಿ ಬಾಗಿಲಲ್ಲಿ ನಿಂತೆ. ಅವರು ನನ್ನನ್ನು ಒಳಗೆ ಕರೆಯಲಿಲ್ಲ. ಅದು ಸರಿಯೇ.

ತೀರ್ಪಿನ ದಿನ ಕೋರ್ಟಿನ ಹೊರಗೆ ಒಬ್ಬ ಪತ್ರಕರ್ತ ನನ್ನನ್ನು, "ಈಗ ಸಮಾಧಾನ ಆಯ್ತಾ ಮೇಡಂ?" ಎಂದು ಕೇಳಿದ. ಇಲ್ಲವೆಂದೆ. ದ್ವೇಷ ಬಿಡು, ಮುಂದಿನ ಬದುಕು ನೋಡು ಎಂದು ಊರಿನವರೆಲ್ಲ ಬುದ್ಧಿ ಹೇಳುತ್ತಾರೆ. ಮೇಡಂ ಒಬ್ಬರೇ ಹಾಗೆ ಹೇಳಲಿಲ್ಲ. ನನ್ನ ಸಿಟ್ಟಿಗೆ ಅವರು ಮರ್ಯಾದೆ ಕೊಟ್ಟರು, ಅದನ್ನು ಠಾಣೆಗೆ, ಕೋರ್ಟಿಗೆ ನಡೆಸಿಕೊಂಡು ಹೋಗುವುದು ಹೇಗೆಂದು ತೋರಿಸಿಕೊಟ್ಟರು. ಆ ಋಣ ತೀರಿಸುವಂಥದ್ದಲ್ಲ.

ಅಂಥ ಗೋದಾಮುಗಳಿಂದ ವಾಪಸ್ ಬಂದವರಲ್ಲಿ ಯಾರಾದರೂ ಆ ಮೇಸ್ತ್ರಿಯೇ ಇರಬಹುದೆಂದು ಅನುಮಾನ ಬಂದರೆ ಪೊಲೀಸರು ಈಗ ನನ್ನನ್ನು ಕರೆಸುತ್ತಾರೆ. ಕಳೆದ ವಾರವೂ ಕರೆಸಿದ್ದರು. ಬಿಳೇಕಹಳ್ಳಿಯಿಂದ ಬಸ್ಸು ಹಿಡಿದು ಹೋದೆ. ಗಾಜಿನ ಆಚೆ ಒಬ್ಬನನ್ನು ಕೂರಿಸಿ ಮಾತಾಡಿಸಿದರು. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದೆ.

"ಇವ ಅಲ್ರಿ ಸರ್," ಎಂದೆ. "ಮುಂದಿನವನ್ನ ಕರೀರಿ."