ಕೆಂಪು ದಾರ ಕಟ್ಟಿದ ಗಿಡ

೨೦೧೫ರ ಮೇ ಏಳು, ಬೆಳಿಗ್ಗೆ ಐದು ಗಂಟೆ ಹನ್ನೆರಡು ನಿಮಿಷ. ದೊಬ್ರಿನಾ ತಮ್ಮ ಸಲಾಡ್ ಸೊಪ್ಪಿನ ಮಡಿಯಲ್ಲಿ ಮಂಡಿಯೂರಿ, ಮೂರನೆಯ ಸಾಲಿನ ಹನ್ನೊಂದನೆಯ ಗಿಡದ ಎಲೆಗಳನ್ನು ಎರಡು ಬೆರಳಿನಿಂದ ಬಿಡಿಸಿ ನೋಡುತ್ತಿದ್ದರು. ಪಕ್ಕದ ಮನೆಯವನಾದ ನನ್ನನ್ನು ಅವರು ಬೇಲಿಯಾಚೆಯಿಂದ ಕೂಗಿದರು. ನಾನು ಗಡಿಯಾರ ನೋಡಿಕೊಂಡೇ ಎದ್ದೆ.

“ಮಗಾ, ಬಾ ಇಲ್ಲಿ. ಮತ್ತೆ ಕಟ್ಟಿದಾನೆ.”

ಗಿಡದ ನಡುವಿನಿಂದ ದಂಟು ಎದ್ದಿತ್ತು. ಸಲಾಡ್ ಸೊಪ್ಪಿಗೆ ದಂಟು ಎದ್ದರೆ ಮುಗಿದಂತೆ. ಎಲೆ ಕಹಿಯಾಗುತ್ತದೆ, ಮುರಿದಲ್ಲಿ ಹಾಲು ಒಸರುತ್ತದೆ, ಆಮೇಲೆ ಬರೀ ಹೂವು, ಬೀಜ. ಆ ದಂಟಿನ ಬುಡಕ್ಕೆ ಕೆಂಪು-ಬಿಳಿ ಉಣ್ಣೆಯ ದಾರ ಸುತ್ತಿತ್ತು. ಎರಡು ಗಂಟು. ದಾರದ ತುದಿಗಳು ಬೆಂಕಿ ತಾಗಿಸಿದಂತೆ ಕಪ್ಪಾಗಿದ್ದವು. ಗೇಟಿನ ಚಿಲಕ ಒಳಗಿನಿಂದ ಹಾಕಿದ್ದು ಹಾಕಿದಂತೆಯೇ ಇತ್ತು. ಹಸಿ ಮಣ್ಣಿನ ಮೇಲೆ ದೊಬ್ರಿನಾ ಅವರ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆ ಇರಲಿಲ್ಲ.

“ಬಿತ್ತಿ ಎಷ್ಟು ದಿನ ಆಯ್ತು, ದೊಡ್ಡಮ್ಮ?”

“ಐವತ್ತೆಂಟು.”

ಅವರು ಹುಟ್ಟಾ ತೋಟದವರಲ್ಲ. ಗುಡ್ಡಗಾಡಿನ ಟ್ರ್ಯಾವ್ನಾದ ನೇಯ್ಗೆಯವರ ಮಗಳು. ಇಪ್ಪತ್ತೆರಡನೆಯ ವಯಸ್ಸಿಗೆ ರಾಚೋನನ್ನು ಮದುವೆಯಾಗಿ ನಮ್ಮೂರು ಲ್ಯಾಸ್ಕೊವೆತ್ಸ್‌ಗೆ ಬಂದಾಗ ಸಬ್ಬಸಿಗೆ ಯಾವುದು, ಸೋಂಪಿನ ಸೊಪ್ಪು ಯಾವುದು ಎಂದು ತಿಳಿಯುತ್ತಿರಲಿಲ್ಲವಂತೆ. ಮೂವತ್ತೊಂಬತ್ತು ವರ್ಷ ಅವರು ಸಬ್ಬಸಿಗೆ, ಪುದೀನ, ಪಾರ್ಸ್ಲಿ ಕಟ್ಟು ಕಟ್ಟಿ ಸಂತೆಗೆ ಒಯ್ದರು. ಬೀಜದ ಕೆಲಸ ಮಾತ್ರ ರಾಚೋನದು. ಬೇರೆಯವರ ಸಲಾಡ್ ಸೊಪ್ಪು ಎಪ್ಪತ್ತು ದಿನಕ್ಕೆ ದಂಟು ಎತ್ತಿದರೆ ಅವನದು ತೊಂಬತ್ತೆರಡು ದಿನ ತಗ್ಗಿ, ಮೃದುವಾಗಿ ಕೂತಿರುತ್ತಿತ್ತು. ಅಜ್ಜನ ಕಾಲದ ತಳಿ. ಆ ಮನೆತನಕ್ಕೆ ಊರಿನಲ್ಲಿದ್ದ ಹೆಸರು ಅದೊಂದರಿಂದಲೇ.

ನಮ್ಮ ದೇಶದಲ್ಲಿ ಮಾರ್ಚ್ ಒಂದರಂದು ಎಲ್ಲರೂ ಮಣಿಕಟ್ಟಿಗೆ ಕೆಂಪು-ಬಿಳಿ ದಾರ ಕಟ್ಟಿಕೊಳ್ಳುತ್ತೇವೆ. ಮೊದಲ ಕೊಕ್ಕರೆ ಕಂಡ ದಿನ ಅದನ್ನು ಬಿಚ್ಚಿ, ಒಳ್ಳೆಯದಾಗಲಿ ಎಂದು ಹೂಬಿಟ್ಟ ಕೊಂಬೆಗೆ ಕಟ್ಟುತ್ತೇವೆ. ರಾಚೋ ಹಾಗೆ ಮಾಡುತ್ತಿರಲಿಲ್ಲ. ದಾರಗಳನ್ನು ಜೇಬಿನಲ್ಲಿಟ್ಟುಕೊಂಡು, ಜೂನ್‌ನಲ್ಲಿ ಕೆಲವು ಸಲಾಡ್ ಗಿಡಗಳಿಗೆ ಕಟ್ಟಿ, ತುದಿಗೆ ಸಿಗರೇಟಿನ ಕೆಂಡ ಮುಟ್ಟಿಸುತ್ತಿದ್ದ. ದೊಬ್ರಿನಾ ಅದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು. ಒಳ್ಳೆಯದು ಬಯಸಿದ್ದಕ್ಕೆ ತಾನೇ ದಾರ ಕಟ್ಟುವುದು? ಬೀಜಕ್ಕೆ ಬಿಡುವ ಗಿಡ ಅದೇ ಇರಬೇಕು ಎಂದುಕೊಂಡರು. ಅವರು ಕೇಳಲಿಲ್ಲ, ಅವನು ಹೇಳಲೂ ಇಲ್ಲ.

೨೦೧೧ರ ಮಾರ್ಚ್ ನಾಲ್ಕರಂದು ರಾಚೋ ತೀರಿಕೊಂಡ. ಮೂರು ದಿನ ಹಿಂದೆ ಕಟ್ಟಿದ ದಾರ ಕೈಯಲ್ಲೇ ಇತ್ತು. ಯಾರೂ ಬಿಚ್ಚಲಿಲ್ಲ, ಹಾಗೆಯೇ ಮಣ್ಣು ಮಾಡಿದೆವು. ಹತ್ತನೆಯ ತಾರೀಕು ದೊಬ್ರಿನಾ ಅವನ ಡಬ್ಬಿಯಿಂದ ಬೀಜ ತೆಗೆದು ಬಿತ್ತಿದರು. ಪ್ರತಿ ವರ್ಷವೂ ಅದೇ ತಾರೀಕು. ಜೂನ್ ಹತ್ತರ ಬೆಳಿಗ್ಗೆ, ತೊಂಬತ್ತೆರಡನೆಯ ದಿನ, ಮೊದಲು ದಂಟು ಎತ್ತಿದ ಗಿಡಕ್ಕೆ ದಾರ ಕಟ್ಟಿತ್ತು. ಗಂಟು ಎಡಗೈಯವರು ಹಾಕುವಂಥದ್ದು. ರಾಚೋ ಎಡಚನಾಗಿದ್ದ.

ದೊಬ್ರಿನಾ ಹೆದರಲಿಲ್ಲ. ಸುತ್ತಲಿನ ಗಿಡಗಳನ್ನೆಲ್ಲ ಕೊಯ್ದು ಮಾರಿ, ಅದೊಂದನ್ನೇ ಬೀಜಕ್ಕೆ ಸಾಕಿದರು. “ನನಗೆ ಬೀಜ ಆರಿಸೋಕೆ ಬರಲ್ಲ ಅಂತ ಗೊತ್ತು ಅವನಿಗೆ. ಅದಕ್ಕೇ ತೋರಿಸ್ತಿದಾನೆ,” ಎಂದರು.

ಮರುವರ್ಷ ಎಂಬತ್ತೈದನೆಯ ದಿನಕ್ಕೆ ದಂಟು ಎದ್ದಿತು, ದಾರವೂ ಬಂತು. ಆಮೇಲೆ ಎಪ್ಪತ್ತೇಳು. ಆಮೇಲೆ ಅರವತ್ತಾರು. ಬೀಜ ಮೊಳೆಯುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದಷ್ಟೇ ನನ್ನ ಕೆಲಸ, ತಳಿ ಆರಿಸುವುದಲ್ಲ. ಒಂದೇ ತಲೆಮಾರಿಗೆ ಇಷ್ಟು ದಿನ ಕಡಿಮೆಯಾಗುವುದನ್ನು ನಾನು ಬೇರೆ ಯಾವ ಬೆಳೆಯಲ್ಲೂ ಕಂಡಿಲ್ಲ. ಒಂದು ದಾರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಕುರಿ ಉಣ್ಣೆ, ತುದಿ ಸುಟ್ಟದ್ದು, ಎಳೆಗಳ ನಡುವೆ ಮಣ್ಣು. ಮಣ್ಣು ನಮ್ಮ ಬೀದಿಯ ಕಪ್ಪು ಮಣ್ಣಲ್ಲ, ಹಳದಿ ಜೇಡಿ. ನಮ್ಮೂರಲ್ಲಿ ಹಳದಿ ಜೇಡಿ ಇರುವುದು ಗುಡ್ಡದ ಮೇಲಿನ ಸ್ಮಶಾನದಲ್ಲಿ. ಇದನ್ನು ನಾನು ಅವರಿಗೆ ಹೇಳಲಿಲ್ಲ.

ಸಂತೆಯಲ್ಲಿ ಹೆಂಗಸರು ಅವರ ಸೊಪ್ಪನ್ನು ಮುಟ್ಟಿ ನೋಡಿ ಮುಂದೆ ಹೋಗತೊಡಗಿದ್ದರು. ಮೂರು ತಲೆಮಾರು ಉಳಿಸಿದ್ದ ತಳಿ ತನ್ನ ಕೈಯಲ್ಲಿ ಸಾಯುತ್ತಿದೆ ಎನ್ನುವುದು ದೊಬ್ರಿನಾ ಅವರಿಗೆ ಗೊತ್ತಿತ್ತು. ಯಾಕೆ ಎನ್ನುವುದು ಗೊತ್ತಿರಲಿಲ್ಲ.

ಆ ಮೇ ಏಳರ ಹಿಂದಿನ ದಿನ ಸಂತ ಗ್ಯೋರ್ಗಿಯ ಹಬ್ಬ. ರಾಚೋನ ತಮ್ಮ ಗಾಂಚೋ, ಹಂಗೇರಿಯಲ್ಲಿ ಮೂವತ್ತು ವರ್ಷ ತೋಟ ಮಾಡಿ ಅದೇ ಚಳಿಗಾಲದಲ್ಲಿ ಊರಿಗೆ ಮರಳಿದವನು, ಹಬ್ಬದ ಕುರಿಮರಿ ಊಟಕ್ಕೆ ಬಂದು ಅಲ್ಲೇ ಉಳಿದಿದ್ದ. ನಮ್ಮ ಮಾತು ಕೇಳಿ ಬನಿಯನ್ನಿನಲ್ಲೇ ಹೊರಗೆ ಬಂದ.

“ಅತ್ತಿಗೆ, ಮರಿ ಚೆನ್ನಾಗಿತ್ತು. ಸೊಪ್ಪು ಮಾತ್ರ ವಿಷ. ನಿಮ್ಮ ಮರ್ಯಾದೆಗೋಸ್ಕರ ನುಂಗಿದೆ.”

“ಆ ರಾಕಿಯಾ ಸಾರಾಯಿ ಶೀಶೆ ಯಾರ ಮರ್ಯಾದೆಗೆ ನುಂಗಿದೆಯಪ್ಪಾ?”

ಗಾಂಚೋ ನಗುತ್ತ ಮಡಿಗಿಳಿದವನು ದಾರ ಕಂಡು ನಿಂತ. “ಓ, ಆಗಲೇ ಕಟ್ಟಿದೀರಾ. ಸರಿ, ಕೀಳೋದು ಯಾವಾಗ?”

“ಕೀಳೋದಾ? ಇದು ಬೀಜದ ಗಿಡ ಕಣೋ.”

“ಯಾರು ಹೇಳಿದ್ರು? ಮೊದಲು ದಂಟು ಎತ್ತಿದ್ದಕ್ಕೆ ದಾರ. ಮರುದಿನ ಹೊತ್ತು ಮೂಡೋ ಮುಂಚೆ ಕಿತ್ತು ಕಾಲುವೆಗೆ ಎಸೀಬೇಕು. ಬೀಜಕ್ಕೆ ಬಿಡೋದು ಎಲ್ಲಕ್ಕಿಂತ ಕೊನೆಗೆ ಎದ್ದದ್ದನ್ನ. ಕೀಳೋ ಗಿಡಕ್ಕೂ ಒಳ್ಳೇದು ಹೇಳಿ ಕಳಿಸ್ಬೇಕು ಅಂತ ನಮ್ಮಜ್ಜ ಮಾಡಿದ್ದು ಇದು. ಅಣ್ಣ ಹೇಳಿರಲಿಲ್ವಾ?”

ದೊಬ್ರಿನಾ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು. “ಹಾಗಾದ್ರೆ ನಾಲ್ಕು ವರ್ಷದಿಂದ ಅವನು ಕೀಳು, ಕೀಳು ಅಂತಿದಾನೆ. ನಾನು ಅದನ್ನೇ ಸಾಕ್ತಿದೀನಿ,” ಎಂದರು.

ಗಾಂಚೋ ನನ್ನ ಮುಖ ನೋಡಿದ. “ಅಂದ್ರೆ? ಇದನ್ನ ಕಟ್ಟಿದ್ದು ಯಾರು?”

ದೊಬ್ರಿನಾ ಗೇಟಿನ ಕಡೆ ನೋಡಿದರು, ಅಲ್ಲಿ ನಮ್ಮೂರ ರೂಢಿಯಂತೆ ರಾಚೋನ ಚಿತ್ರವಿದ್ದ ಮರಣಪತ್ರ ಅಂಟಿಸಿತ್ತು. ಅವನು ಬಗ್ಗಿ ಗಂಟನ್ನು ನೋಡಿದ, ಸುಟ್ಟ ತುದಿಯನ್ನು ಮೂಸಿದ. ಆಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. ಅಣ್ಣನ ಎದುರು ಬನಿಯನ್ನಿನಲ್ಲಿ ನಿಲ್ಲುವ ಅಭ್ಯಾಸ ಅವನಿಗಿರಲಿಲ್ಲ.

ಅಂದೇ ದೊಬ್ರಿನಾ ಇಡೀ ಮಡಿಯನ್ನು ಕಿತ್ತರು. ನೂರ ನಲವತ್ತು ಗಿಡ. ಕಾಲುವೆಯ ನೀರು ಸಂಜೆಯವರೆಗೂ ಹಾಲುಬಣ್ಣಕ್ಕಿತ್ತು. ನಾಲ್ಕು ವರ್ಷದ ಬೀಜವನ್ನೂ ಅದೇ ನೀರಿಗೆ ಸುರಿದರು.

ಇನ್ನು ಉಳಿದದ್ದು ರಾಚೋನ ಹಳೆಯ ಕೋಟಿನ ಜೇಬಿನಲ್ಲಿ ಸಿಕ್ಕ ಒಂದು ಔಷಧಿ ಶೀಶೆ. ೨೦೧೦ರಲ್ಲಿ ಅವನೇ ತೆಗೆದಿಟ್ಟ ಬೀಜ. ಐದು ಬೇಸಗೆ ಬಿಸಿ ತಗಡಿನ ಮಾಡಿನ ಕೆಳಗೆ ಕಳೆದದ್ದು. ಪರೀಕ್ಷೆ ಮಾಡಿಕೊಡುತ್ತೇನೆ ಎಂದೆ.

“ನಿನ್ನ ಗಾಜಿನ ತಟ್ಟೇಲಿ ಹುಟ್ಟಿ ಏನು ಮಾಡ್ಬೇಕು ಅದು? ಹುಟ್ಟೋದಿದ್ರೆ ಮಣ್ಣಲ್ಲಿ ಹುಟ್ಲಿ.”

೨೦೧೬ರ ಮಾರ್ಚ್ ಹತ್ತರಂದು ಇನ್ನೂರ ಹನ್ನೆರಡು ಬೀಜಗಳನ್ನು ಒಂದೊಂದಾಗಿ ಎಣಿಸಿ ಬಿತ್ತಿದರು. ಏಳು ಮೊಳೆತವು.

ಎಪ್ಪತ್ತೊಂದನೆಯ ದಿನ ಏಳರಲ್ಲೊಂದು ದಂಟು ಎತ್ತಿತು. ಬೆಳಿಗ್ಗೆ ಅದಕ್ಕೆ ದಾರವಿತ್ತು. ಇದ್ದದ್ದೇ ಏಳು ಗಿಡ. ಆದರೂ ಮರುದಿನ ಹೊತ್ತು ಮೂಡುವ ಮುಂಚೆ ಕಿತ್ತು, ದಾರದ ಸಮೇತ ಕಾಲುವೆಗೆ ಬಿಟ್ಟು, “ಹೋಗಿ ಬಾ,” ಎಂದರು. ಅಂದಿನಿಂದ ಆ ತೋಟದಲ್ಲಿ ದಾರ ಕಾಣಿಸಿಲ್ಲ.

ಉಳಿದ ಆರು ತಗ್ಗಿ ಕೂತವು. ಜೂನ್ ಬಂತು. ಒಂದಾದ ಮೇಲೊಂದು ಐದು ಎದ್ದವು, ಐದನ್ನೂ ಕಿತ್ತರು. ಕೊನೆಯದು ಜೂನ್ ಹದಿನಾರಕ್ಕೆ ಎದ್ದಿತು. ಅದರ ಬೀಜದ ಸೊಪ್ಪನ್ನೇ ನಮ್ಮ ಬೀದಿಯವರೆಲ್ಲ ಈಗ ಬೆಳೆಯುತ್ತಾರೆ.

ಜೂನ್ ಹದಿನಾರರ ಆ ಬೆಳಿಗ್ಗೆ ನಾನು ಬೇಲಿಯ ಹತ್ತಿರವೇ ಇದ್ದೆ. ಅವರು ನನ್ನ ಕಡೆ ತಿರುಗಲಿಲ್ಲ. ಗೇಟಿಗೆ ಅಂಟಿಸಿದ್ದ ರಾಚೋನ ಮರಣಪತ್ರದ ಕಡೆಗೂ ನೋಡಲಿಲ್ಲ. ಸಾಲಿನ ಕೊನೆಗೆ, ಯಾರೂ ಇಲ್ಲದ ಕಡೆಗೆ ಮುಖ ಮಾಡಿ, ಎದುರಿಗೆ ನಿಂತವರಿಗೆ ದಿನಗಳ ಲೆಕ್ಕ ಒಪ್ಪಿಸುವ ದನಿಯಲ್ಲಿ ಅಂದರು:

“ತೊಂಬತ್ತೆಂಟು.”