ಅಟ್ಟದ ಮೇಲಿನ ಹದಿನೈದನೇ ಅಧ್ಯಾಯ

ಅಣ್ಣ ಇದ್ದ ಕೊನೆಯ ಪೂರ್ತಿ ದಿನ ನಾವಿಬ್ಬರೂ ಅಟ್ಟಕ್ಕೆ ತೆಂಗಿನಕಾಯಿ ಹಾಕುತ್ತಿದ್ದೆವು. ಕೆಳಗಿನಿಂದ ನಾನು ಬುಟ್ಟಿ ಎತ್ತಿ ಕೊಡುತ್ತಿದ್ದೆ, ಏಣಿಯ ಮೇಲೆ ನಿಂತು ಅವನು ಸುರಿಯುತ್ತಿದ್ದ. ಈ ವಯಸ್ಸಿಗೆ ಏಣಿ ಹತ್ತಬೇಡ ಎಂದರೆ ಕೇಳುವವನಲ್ಲ. ಸಂಜೆ ಕೆಳಗಿಳಿದು ಕೈ ಕೊಡವಿಕೊಂಡು ಹೇಳಿದ:

“ಕೊನೇದೂ ಮೇಲಕ್ಕೆ ಹೋಯ್ತು ಕಣ್ಲಾ. ಇನ್ನು ನನ್ನ ಕೆಲಸ ಮುಗೀತು.”

ಕೊನೆಯದು ಎಂದರೆ ಕಾಯಿಯಲ್ಲ, ಅಧ್ಯಾಯ.

ಅಣ್ಣ ಶೆಟ್ಟಿಕೆರೆ ಕಡೆಯ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದವನು. ನಾನು ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ ತೋಟ ನೋಡಿಕೊಂಡವನು. ಮದುವೆಯಾಗಲಿಲ್ಲ, ಅಣ್ಣ ಅತ್ತಿಗೆಯ ಜೊತೆಗೇ ಇದ್ದೆ. ನಿವೃತ್ತಿಯ ಮೇಲೆ ಅವನು ಏಳುನೂರು ವರ್ಷದ ಹಿಂದಿನ ಇಟಲಿಯ ಒಬ್ಬ ಕವಿಯ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆಯತೊಡಗಿದ. ಒಂಬತ್ತನೇ ವಯಸ್ಸಿನಲ್ಲಿ ಕಂಡ ಹುಡುಗಿಯನ್ನು ಆ ಕವಿ ಸಾಯುವ ತನಕ ಮರೆಯಲಿಲ್ಲವಂತೆ. ರಾಜಕೀಯದ ಜಗಳದಲ್ಲಿ ಊರಿನವರೇ ಅವನನ್ನು ಹೊರಗೆ ಹಾಕಿದರಂತೆ. ಊರೂರು ಅಲೆಯುತ್ತಾ ನರಕ, ಪಾಪ ತೊಳೆಯುವ ಬೆಟ್ಟ, ಸ್ವರ್ಗ ಮೂರನ್ನೂ ನಡೆದು ನೋಡಿ ಬಂದವನ ಹಾಗೆ ದೊಡ್ಡ ಕಾವ್ಯ ಬರೆದನಂತೆ. ಅದೂ ಪಂಡಿತರ ಭಾಷೆಯಲ್ಲಲ್ಲ, ಮನೆಯಲ್ಲಿ ಆಡುವ ಮಾತಿನಲ್ಲಿ.

ಅದಕ್ಕೇ ಅಣ್ಣ ಪ್ರತಿ ಅಧ್ಯಾಯವನ್ನೂ ನನಗೆ ಓದಿ ಹೇಳುತ್ತಿದ್ದ. ನನಗೆ ತಿಳಿಯದ ಸಾಲನ್ನು ಹೊಡೆದುಹಾಕುತ್ತಿದ್ದ. ಅವನ ಅಕ್ಷರ ಕೋಳಿ ಕೆದಕಿದ ಹಾಗೆ, ನನ್ನದು ದುಂಡಗೆ. ಹಾಗಾಗಿ ಶುದ್ಧಪ್ರತಿ ನನ್ನ ಕೆಲಸ.

“ಈ ಮನೇಲಿ ನಂಗಿಂತ ಆ ಇಟಲಿ ನೆಂಟನ ಯೋಗಕ್ಷೇಮಾನೇ ಜಾಸ್ತಿ ಕಣಪ್ಪ,” ಎಂದು ಅತ್ತಿಗೆ ನನಗೆ ಹೇಳುವ ಹಾಗೆ ಅಣ್ಣನಿಗೆ ಹೇಳುವರು.

“ಅವ್ನು ಕಾಫಿ ಕೇಳಲ್ಲ, ಸುಮ್ಕಿರು,” ಎನ್ನುವನು ಅಣ್ಣ.

ನಮ್ಮ ಕಡೆ ಉಂಡೆ ಕೊಬ್ಬರಿಗೆ ಇಡುವ ಕಾಯನ್ನು ಸುಲಿಯದೆ ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಅಲ್ಲಿಯವರೆಗೆ ತುಳಿದಾಡಬಾರದು, ಹೊರಳಿಸಬಾರದು. ಬರೆದದ್ದಕ್ಕೂ ಇದೇ ಸರಿ ಎಂದು ಅಣ್ಣ ತೀರ್ಮಾನಿಸಿದ್ದ. ಬರೆದು ಮುಗಿಸಿದ ಅಧ್ಯಾಯವನ್ನು ಹಳೆಯ ಗೋಣಿಯಲ್ಲಿ ಸುತ್ತಿ, ಆಗ ಹಾಕಿದ ಕಾಯಿಯ ಅಡಿಯಲ್ಲಿ ಇಡುವನು. ಮೇಲಿನ ತೊಲೆಯ ಮೇಲೆ ಸೀಮೆಸುಣ್ಣದಲ್ಲಿ ಅಧ್ಯಾಯದ ಸಂಖ್ಯೆ ಬರೆಯುವನು. ಆ ಕಾಯಿ ಇಳಿಸುವ ದಿನವೇ ಕಾಗದವೂ ಇಳಿಯಬೇಕು. ಆಮೇಲೆ ತಿದ್ದಿ, ನನಗೆ ಓದಿ, ನಕಲಿಗೆ ಕೊಡುವನು.

ಅವತ್ತು ಸಂಜೆ ನಾನು ಕೇಳಿದೆ: “ಅಣ್ಣ, ಕೊನೆಗಾದ್ರೂ ಅವ್ನು ಊರಿಗೆ ವಾಪಸ್ ಹೋದ್ನಾ?”

“ಹನ್ನೊಂದು ತಿಂಗ್ಳು ತಡ್ಕೊಳ್ಳೋಕೆ ಆಗಲ್ವೇನ್ಲಾ ನಿಂಗೆ?”

ಮರುದಿನ ಬೆಳಿಗ್ಗೆ ಮುಖ ತೊಳೆಯಲು ಹೋದವನು ಬಚ್ಚಲ ಕಲ್ಲಿನ ಮೇಲೆ ಕುಸಿದ. ತಿಪಟೂರು ಆಸ್ಪತ್ರೆ ತಲುಪುವ ಮೊದಲೇ ಕಾರಿನಲ್ಲಿ ನನ್ನ ತೋಳಿನ ಮೇಲೆ ಹೋಗಿಬಿಟ್ಟಿದ್ದ.

ಹನ್ನೊಂದನೇ ದಿನ ಸೂತಕ ಕಳೆಯಬೇಕಿತ್ತು. ಬಂದ ನೆಂಟರಿಗೆಲ್ಲ ತಲೆಸ್ನಾನಕ್ಕೆ ಬಿಸಿನೀರು ಬೇಕು. ಉತ್ತರೆ ಮಳೆ ಹಿಡಿದು ಹಿತ್ತಲಿನ ಸಿಪ್ಪೆ, ಗರಿ ಎಲ್ಲ ನೆನೆದಿದ್ದವು. ಹಂಡೆ ಒಲೆ ಹೊಗೆಯಾಡುತ್ತಿತ್ತೇ ಹೊರತು ಉರಿಯುತ್ತಿರಲಿಲ್ಲ. ಹೊರಗೆ ಜನ ಕಾಯುತ್ತಿದ್ದರು. ನಾನು ಏಣಿ ಹತ್ತಿ, ಕೈಗೆ ಸಿಕ್ಕ ನಾಲ್ಕೈದು ಒಣ ಗೋಣಿಗಳನ್ನು ಎಳೆದು ಕೆಳಗೆ ಎಸೆದೆ. ಒಂದೆರಡು ಕಾಯಿಯ ಅಡಿಗೆ ಸಿಕ್ಕಿಕೊಂಡಿದ್ದವು, ಜಗ್ಗಿ ಎಳೆದೆ. ಒಲೆ ಹತ್ತಿಕೊಂಡಿತು.

ಮರುದಿನ ಬೂದಿ ತೆಗೆದು ತೋಟಕ್ಕೆ ಒಯ್ಯುವಾಗ ಕೈ ನಿಂತುಹೋಯಿತು. ಏಣಿಯ ಬಾಯಿಗೆ ಇದ್ದದ್ದು ಅಣ್ಣ ಕೊನೆಯ ದಿನ ಹಾಕಿದ ಕಾಯಿ.

ಬೂದಿಯನ್ನು ಬೆರಳಿನಿಂದ ತಿಕ್ಕಿ ತಿಕ್ಕಿ ನೋಡಿದೆ. ಗೋಣಿಯ ಬೂದಿ ಯಾವುದು, ಕಾಗದದ್ದು ಯಾವುದು, ತಿಳಿಯಲಿಲ್ಲ. ಆಗಲೇ ಅಟ್ಟ ಹತ್ತಿ ಹುಡುಕಬಹುದಿತ್ತು. ಹಸಿ ಕಾಯಿ ಕೆದಕಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿಕೆ. ಹುಡುಕದೆ ಇರುವ ತನಕ ಅದು ಅಲ್ಲಿದೆ ಎಂದುಕೊಳ್ಳಬಹುದಿತ್ತು. ಅತ್ತಿಗೆಗೆ ಹೇಳಲಿಲ್ಲ. ಅವರಾದರೋ ಪುಸ್ತಕ ಅಚ್ಚಾದರೆ ಯಾರ್ಯಾರಿಗೆ ಕೊಡಬೇಕೆಂದು ಲೆಕ್ಕ ಹಾಕುತ್ತಿದ್ದರು.

ಅಣ್ಣ ಒಮ್ಮೆ ಹೇಳಿದ್ದು ನೆನಪಾಗುತ್ತಿತ್ತು. ಆ ಕವಿ ಸತ್ತ ಮೇಲೆ ಕಾವ್ಯದ ಕೊನೆಯ ಭಾಗಗಳು ಸಿಗಲಿಲ್ಲವಂತೆ. ಮಕ್ಕಳು ತಿಂಗಳುಗಟ್ಟಲೆ ಹುಡುಕಿ ಸೋತರಂತೆ. ಕಡೆಗೆ ಒಬ್ಬ ಮಗನ ಕನಸಿನಲ್ಲಿ ಅಪ್ಪ ಬಂದು ಗೋಡೆ ತೋರಿಸಿದನಂತೆ. ಅಲ್ಲಿ ನೇತುಹಾಕಿದ್ದ ಚಾಪೆ ಸರಿಸಿದರೆ ಗೂಡಿನಲ್ಲಿ ಕಾಗದಗಳು ಬೂಷ್ಟು ಹಿಡಿದು ಕುಳಿತಿದ್ದವಂತೆ. ಇದು ಕಟ್ಟುಕತೆಯೂ ಇರಬಹುದು ಎಂದು ಅಣ್ಣ, ನಾನು ಮೊದಲೇ ನಕಲು ಮಾಡಿದ್ದ ಒಂದು ಅಧ್ಯಾಯದಲ್ಲಿ ಬರೆದಿದ್ದ. ನಾನು ಮಾತ್ರ ಕಾದೆ. ನನ್ನ ಕನಸಿಗೆ ಅಣ್ಣ ಬರಲೇ ಇಲ್ಲ. ಅತ್ತಿಗೆಯ ಕನಸಿಗೆ ಬಂದನಂತೆ.

“ಏನಂದ ಅತ್ತಿಗೆ?”

“ಏನಂತಾನೆ, ಕಾಫಿ ಕೇಳ್ದ.”

ಕಾರ್ತಿಕದಲ್ಲಿ ಒಂದು ಕಂತಿನ ಕಾಯಿ ಇಳಿಸಿದೆ. ಅಡಿಯಲ್ಲಿ ಹನ್ನೆರಡನೇ ಅಧ್ಯಾಯ ಇತ್ತು. ಸಂಕ್ರಾಂತಿ ಕಳೆದು ಹದಿಮೂರನೆಯದು ಸಿಕ್ಕಿತು. ಯುಗಾದಿಯ ನಂತರ ಹದಿನಾಲ್ಕನೆಯದು. ಒಂದು ಮೂಲೆಯನ್ನು ಇಲಿ ತಿಂದಿತ್ತು, ಓದಲು ತೊಂದರೆಯಿರಲಿಲ್ಲ. ತಿದ್ದುವವನಿಲ್ಲದ್ದರಿಂದ ಇದ್ದ ಹಾಗೇ ನಕಲು ಮಾಡಿದೆ. ತಿಳಿಯದ ಸಾಲುಗಳಿದ್ದವು. ಹೊಡೆಯಲು ಕೈ ಬರಲಿಲ್ಲ. ಒಂದೊಂದು ಸಿಕ್ಕಿದಾಗಲೂ ಏಣಿಯ ಬಾಯಿಗಿದ್ದ ಕಾಯಿಯ ಕಡೆ ನೋಡದೆ ಕೆಳಗಿಳಿಯುತ್ತಿದ್ದೆ. ಹದಿನಾಲ್ಕನೆಯದರಲ್ಲಿ ಕವಿ ಇನ್ನೊಂದು ಊರಿನಲ್ಲಿ ಜ್ವರದಿಂದ ಮಲಗಿದ್ದಾನೆ. ಅಲ್ಲಿಗೆ ನಿಂತಿದೆ.

ಶ್ರಾವಣದಲ್ಲಿ ಕೊನೆಯ ಕಂತಿನ ಒಂದು ಕಾಯಿ ತೆಗೆದು ಅಲ್ಲಾಡಿಸಿದೆ. ಲೊಟಲೊಟ ಎಂದಿತು. ಮತ್ತೆ ಎರಡು ದಿನ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡೆ. ಮೂರನೇ ದಿನ ಅತ್ತಿಗೆಯೇ ಏಣಿ ತಂದು ಆನಿಸಿದರು. ಒಂದೊಂದೇ ಬುಟ್ಟಿ ತುಂಬಿ ಕೊಟ್ಟೆ. ಹಲಗೆ ಕಾಣುವ ತನಕ ಕೊಟ್ಟೆ. ತೊಲೆಯ ಮೇಲೆ ಅಣ್ಣನ ಕೈಯಲ್ಲಿ ಹದಿನೈದು ಎಂದು ಬರೆದಿತ್ತು. ಕೆಳಗೆ ಧೂಳು, ಒಂದು ಗೋಣಿಯ ಹರಿದ ಅಂಚು.

ಅತ್ತಿಗೆ ಕೆಳಗಿನಿಂದ ಕೇಳಿದರು: “ಸಿಕ್ತೇನಪ್ಪ?”

ಏಣಿಯ ಮೇಲೇ ಕುಳಿತು ಎಲ್ಲ ಹೇಳಿದೆ. ತಿಥಿಯ ದಿನದ್ದು, ಬೂದಿಯದ್ದು, ಇಷ್ಟು ತಿಂಗಳು ಮುಚ್ಚಿಟ್ಟದ್ದು.

ಅವರು ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟರು. ಆಮೇಲೆ, “ಒಲೆ ಮುಂದೆ ಕೂತಿದ್ದೋಳು ನಾನೇ ಕಣಪ್ಪ. ನೀನು ಎಸೆದಿದ್ದು, ತುರುಕಿದ್ದು ನಾನು,” ಎಂದರು.

“ಕಾಗದ ಏನಾದ್ರೂ ಕಂಡಿತ್ತಾ ಅತ್ತಿಗೆ?”

“ಹೊಗೆಗೆ ಕಣ್ಣೇ ಬಿಡೋಕಾಗ್ತಿರ್ಲಿಲ್ಲ. ಒಂದು ಗೋಣಿ ಮಾತ್ರ ಭಾರ ಅನ್ನಿಸ್ತು. ಒಳಗೆ ಸಿಪ್ಪೆ ಇರ್ಬೇಕು ಅಂದ್ಕೊಂಡೆ.” ಸೆರಗಿನಲ್ಲಿ ಮುಖ ಒರೆಸಿಕೊಂಡರು. “ಇಳಿ ಕೆಳಕ್ಕೆ. ಬಿದ್ದುಗಿದ್ದೀಯ.”

ಆಮೇಲೆ ಅವರೇ ಹೇಳಿದರು: “ಮೊಬೈಲಲ್ಲಿ ನೋಡು. ಎಲ್ಲಾ ಇರುತ್ತಂತಲ್ಲ ಅದ್ರಲ್ಲಿ.”

ನೋಡಿದೆ. ಕವಿ ಊರಿಗೆ ಹಿಂತಿರುಗಲಿಲ್ಲ. ಆ ಜ್ವರದಲ್ಲೇ ಸತ್ತ. ಹುಟ್ಟಿದೂರಿನವರು ಆಮೇಲೆ ಬುದ್ಧಿ ಬಂದು ಅವನ ಮೂಳೆಗಳನ್ನು ಕೇಳಿದರು. ಮಣ್ಣು ಮಾಡಿದ ಊರಿನವರು ಕೊಡಲಿಲ್ಲ. ಇಷ್ಟು ತಿಳಿಯಲು ಐದು ನಿಮಿಷ ಸಾಕಾಯಿತು. ಅತ್ತಿಗೆಗೂ ಓದಿ ಹೇಳಿದೆ.

“ಇದನ್ನೇ ನಿಮ್ಮಣ್ಣ ಬರ್ದಿದ್ದಿರ್ಬೇಕು ಬುಡು,” ಎಂದರು.

ಇದನ್ನೇ ಬರೆದಿರಬಹುದು. ನನಗೆ ತಿಳಿಯುವ ಹಾಗೆ ಅವನು ಹೇಗೆ ಬರೆದಿದ್ದ ಎಂಬುದು ಮೊಬೈಲಿನಲ್ಲಿ ಇಲ್ಲ. ಹದಿನಾಲ್ಕು ಅಧ್ಯಾಯಗಳ ಶುದ್ಧಪ್ರತಿ ಅಣ್ಣನ ಮೇಜಿನ ಮೇಲಿದೆ. ಹದಿನೈದನೆಯದು ಇಲ್ಲ.